ಉದ್ರೇಕದ ಪದಗಳು, ಆರೋಪದ ಪದಗಳು

ಅಂಕೆ ಮೀರಿದ ಉದ್ರೇಕವನ್ನೂ ದಿಗಿಲನ್ನೂ ಸೂಚಿಸುವ ಪದಗಳ ದೊಡ್ಡ ಬಳಗವೇ ಇಂಗ್ಲಿಷಿನಲ್ಲಿದೆ: ಹಿಸ್ಟೀರಿಯಾ, ಬೆಡ್ಲಮ್, ಅಮೋಕ್, ಸ್ಟ್ಯಾಂಪೀಡ್. ಅನುವಾದಕರು ಇವನ್ನು 'ಉನ್ಮಾದ', 'ಗೊಂದಲ' ಎಂಬ ಒಂದೆರಡು ಪದಗಳಲ್ಲಿ ಮುಗಿಸಿಬಿಡುವುದುಂಟು. ಆದರೆ ಇವುಗಳ ವ್ಯುತ್ಪತ್ತಿಯನ್ನು ಗಮನಿಸಿದರೆ, ಇವು ಕೇವಲ ಭಾವವಾಚಕಗಳಲ್ಲ, ತಪ್ಪು ಯಾರದೆಂದು ಮೊದಲೇ ತೀರ್ಮಾನಿಸಿದ ಪದಗಳು ಎಂಬುದು ತಿಳಿಯುತ್ತದೆ.

ಹಿಸ್ಟೀರಿಯಾದ ಮೂಲ ಗರ್ಭಕೋಶವೆಂಬ ಅರ್ಥದ ಗ್ರೀಕ್ ಪದ. ಹೆಣ್ಣಿನ ತಳಮಳಕ್ಕೆ ಅವಳ ದೇಹವೇ ಕಾರಣವೆಂಬ ಪ್ರಾಚೀನ ವೈದ್ಯರ ನಂಬಿಕೆ ಅದರಲ್ಲಿ ಹುದುಗಿದೆ. ಲಂಡನ್ನಿನಲ್ಲಿ 1247ರಲ್ಲಿ ಕ್ರೈಸ್ತ ಮಠವಾಗಿ ಆರಂಭಗೊಂಡು, ಮುಂದೆ ಮನೋರೋಗಿಗಳ ಆಸ್ಪತ್ರೆಯಾದ ಬೆತ್ಲೆಹೆಮ್‌ನ ಸವೆದ ರೂಪವೇ ಬೆಡ್ಲಮ್. 18ನೆಯ ಶತಮಾನದಲ್ಲಿ ಅಲ್ಲಿನ ರೋಗಿಗಳನ್ನು ನೋಡುವುದು ಜನರಿಗೆ ಒಂದು ವಿನೋದವಾಗಿತ್ತು. ಅಮೋಕ್ ಮಲಯ ಭಾಷೆಯ ಪದ. ವಸಾಹತುಕಾಲದ ಬರಹಗಳು ಅದನ್ನು ಒಂದು ಜನಾಂಗದ ಸ್ವಭಾವವೆಂಬಂತೆ ಬಳಸಿದವು. ಮೆಕ್ಸಿಕೋದ ಸ್ಪ್ಯಾನಿಷ್‌ನಿಂದ ಬಂದ ಸ್ಟ್ಯಾಂಪೀಡ್, ಬೆದರಿ ಓಡುವ ದನಗಳ ಹಿಂಡಿಗೆ ಸಲ್ಲುವ ಮಾತು. ಹೀಗೆ ಹೆಣ್ಣು, ರೋಗಿ, ಪರಕೀಯ, ಪಶು: ಉದ್ರೇಕವು ಸದಾ ಬೇರೆಯವರದು.

ಇದು ಪದಚರ್ಚೆಗಷ್ಟೇ ಸೀಮಿತವಾದ ಸಂಗತಿಯಲ್ಲ. 1989ರ ಏಪ್ರಿಲ್ 15ರಂದು ಇಂಗ್ಲೆಂಡಿನ ಷೆಫೀಲ್ಡ್ ನಗರದ ಹಿಲ್ಸ್‌ಬರೋ ಕ್ರೀಡಾಂಗಣದಲ್ಲಿ ಸಂಭವಿಸಿದ ದುರಂತ ಒಟ್ಟು 97 ಜೀವಗಳನ್ನು ಬಲಿ ಪಡೆಯಿತು. ಅಂಕೆತಪ್ಪಿದ ಅಭಿಮಾನಿಗಳೇ ಕಾರಣರೆಂಬ ಕಥನವನ್ನು ಪೊಲೀಸರೂ ಕೆಲವು ಪತ್ರಿಕೆಗಳೂ ಹರಡಿದುವು. ಅಭಿಮಾನಿಗಳ ವರ್ತನೆ ಕಾರಣವಲ್ಲ, ಸತ್ತವರದು ಕಾನೂನುಬಾಹಿರ ಹತ್ಯೆ ಎಂದು ವಿಚಾರಣಾ ಮಂಡಳಿಯ ತೀರ್ಪುಗಾರರು ಹೇಳಿದ್ದು 2016ರಲ್ಲಿ. ಒಂದು ಆರೋಪವನ್ನು ಅಳಿಸಲು 27 ವರ್ಷಗಳು ಬೇಕಾದುವು.

ಕನ್ನಡದ 'ಸಮೂಹ ಸನ್ನಿ' ಈ ದೃಷ್ಟಿಯಿಂದ ಗಮನಾರ್ಹ. ಸನ್ನಿಯ ಹಿಂದಿರುವುದು ಮೂರು ದೋಷಗಳೂ ಒಟ್ಟಿಗೆ ಕೆರಳುವ ಆಯುರ್ವೇದದ ಸನ್ನಿಪಾತ. ಅದು ಹೆಣ್ಣು ಗಂಡೆಂಬ ಭೇದ ಎಣಿಸದು. ಆದರೆ ಸ್ಟ್ಯಾಂಪೀಡ್‌ಗೆ ಸಂವಾದಿಯಾಗಿ ಪತ್ರಿಕೆಗಳು ಬಳಸುವ 'ಕಾಲ್ತುಳಿತ' ಅಷ್ಟು ನಿರ್ದೋಷಿಯಲ್ಲ. ಕಿಕ್ಕಿರಿದ ಗುಂಪಿನಲ್ಲಿ ಅನೇಕರು ಸಾಯುವುದು ಎದೆಯೊತ್ತಿ ಉಸಿರುಗಟ್ಟಿ. ನಿಂತಲ್ಲೇ ಸಾಯುವುದೂ ಉಂಟು. ಕಾಲ್ತುಳಿತವೆಂದೊಡನೆ ಹೊಣೆ ಜನರ ಕಾಲಿಗೆ ಬೀಳುತ್ತದೆ. ಬಾಗಿಲು ಮುಚ್ಚಿದವರು, ಮಿತಿಮೀರಿ ಜನರನ್ನು ಒಳಬಿಟ್ಟವರು ವಾಕ್ಯದಿಂದಲೇ ಮರೆಯಾಗುತ್ತಾರೆ.

ಆದ್ದರಿಂದ ಅನುವಾದಕನೂ ಸಂಶೋಧಕನೂ ಸಮಾನಪದವನ್ನು ಹುಡುಕುವ ಮುನ್ನ, ಆ ಪದವನ್ನು ಯಾರು ಯಾರ ಮೇಲೆ ಹೊರಿಸಿದರೆಂದು ವಿಚಾರಿಸುವುದು ಅವಶ್ಯ. ನಿಘಂಟು ಅರ್ಥವನ್ನು ಕೊಡುತ್ತದೆ. ನ್ಯಾಯವನ್ನು ಓದುಗನೇ ನಿರ್ಣಯಿಸಬೇಕು.