ಇಲಿಯ ರಕ್ತವನ್ನೂ ಪಾಠಕ್ಕೆ ತನ್ನಿ



ಕಳೆದ ವರ್ಷ ಹತ್ತನೇ ತರಗತಿಯ ಹುಡುಗನೊಬ್ಬ ಮನೆಯ ಮೊಬೈಲಿಗೆ ಬಂದ ಸಂದೇಶವನ್ನು ನೋಟ್‌ಬುಕ್ಕಿನಲ್ಲಿ ಬರೆದು ತಂದ. ಯಾರೋ ಮಲಯಾಳದಿಂದ ಕನ್ನಡಕ್ಕೆ ತಿರುಗಿಸಿದ್ದು. ಸೊಪ್ಪಿನ ಕಷಾಯದಿಂದ ನಾಲ್ಕೇ ವಾರದಲ್ಲಿ ಸಕ್ಕರೆ ಕಾಯಿಲೆ ಮಾಯ, ಇಲಿಗಳಲ್ಲಿ ಸಾಬೀತಾಗಿದೆ ಅಂತ. "ಅಪ್ಪ ಮಾತ್ರೆ ಬಿಟ್ಟು ಇದನ್ನೇ ಕುಡೀತಿದ್ದಾರೆ ಸರ್, ಸರಿಯಾ?" ಅಂದ. ಮಾತ್ರೆ ಬಿಡಬಾರದು, ಡಾಕ್ಟರನ್ನು ಕೇಳಲಿ ಅಂದೆ. ಯಾಕೆ ಅಂತ ವಿವರಿಸಲು ಮಾತ್ರ ಆ ದಿನ ನನ್ನಿಂದಾಗಲಿಲ್ಲ.

ಮನೆಗೆ ಹೋಗಿ ಓದಿದೆ. ಮರುದಿನ ಬೋರ್ಡಿನ ಮೇಲೆ ಮನುಷ್ಯ, ಇಲಿ ಎಂದು ಎರಡು ಕಾಲಂ ಎಳೆದೆ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ನಮಗೆ ಸುಮಾರು 45ರಿಂದ 55 ಲಕ್ಷ ಕೆಂಪು ಕಣಗಳು, ಇಲಿಗೆ 70ರಿಂದ 90 ಲಕ್ಷ. ಇಲಿಯ ಕಣ ನಮ್ಮದಕ್ಕಿಂತ ಚಿಕ್ಕದು. ನಮ್ಮ ಬಿಳಿ ಕಣಗಳಲ್ಲಿ ನ್ಯೂಟ್ರೋಫಿಲ್‌ಗಳು ಹೆಚ್ಚು, ಇಲಿಯಲ್ಲಿ ಲಿಂಫೋಸೈಟ್‌ಗಳು. ನಮ್ಮ ಕೆಂಪು ಕಣದ ಆಯುಸ್ಸು ಸುಮಾರು 120 ದಿನ, ಇಲಿಯದ್ದು ಸುಮಾರು 60.

ಈ ಕೊನೆಯ ಸಾಲೇ ಮುಖ್ಯ. ಎಚ್‌ಬಿಎ1ಸಿ ಪರೀಕ್ಷೆ ಅಳೆಯುವುದು ಹಿಮೋಗ್ಲೋಬಿನ್‌ಗೆ ಅಂಟಿಕೊಂಡ ಗ್ಲೂಕೋಸನ್ನು. ಕಣ ಬದುಕಿರುವವರೆಗೆ ಆ ಲೆಕ್ಕ ಉಳಿಯುತ್ತದೆ. ನಮ್ಮಲ್ಲಿ ಅದು ಎರಡು ಮೂರು ತಿಂಗಳ ಸರಾಸರಿ ಹೇಳಿದರೆ, ಇಲಿಯಲ್ಲಿ ಅದಕ್ಕಿಂತ ಬಹಳ ಕಡಿಮೆ ಅವಧಿಯದ್ದು. ಇಲಿಯ ನಾಲ್ಕು ವಾರ ನಮ್ಮ ನಾಲ್ಕು ವಾರ ಅಲ್ಲ.

ಇನ್ನೊಂದು ಮಾತು. ಅನೇಕ ಪ್ರಯೋಗಗಳಲ್ಲಿ ಇಲಿಗೆ ಸಕ್ಕರೆ ಕಾಯಿಲೆ ತಾನಾಗಿ ಬಂದದ್ದಲ್ಲ. ಸ್ಟ್ರೆಪ್ಟೊಜೊಟೋಸಿನ್ ಚುಚ್ಚಿ ಮೇದೋಜೀರಕದ ಬೀಟಾ ಕಣಗಳನ್ನು ನಾಶ ಮಾಡಿರುತ್ತಾರೆ. ನಮ್ಮ ಊರಿನ ಹೆಚ್ಚಿನವರಿಗಿರುವುದು ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದ ಟೈಪ್ 2.

ಇಲಿಯ ಪ್ರಯೋಗ ವ್ಯರ್ಥ ಎಂದು ನಾನು ಹೇಳುತ್ತಿಲ್ಲ. ಅದು ಮೊದಲ ಮೆಟ್ಟಿಲು, ಅಷ್ಟೇ. ಮೊದಲ ಮೆಟ್ಟಿಲನ್ನೇ ಮಹಡಿ ಎಂದು ನಂಬಿದರೆ ಬೀಳುವುದು ನಮ್ಮ ಮಕ್ಕಳ ಮನೆಯವರು.

ಪೋರ್ಶನ್ ಮುಗಿಸಲಿಕ್ಕೇ ಸಮಯವಿಲ್ಲ ಅನ್ನುತ್ತೀರಿ, ಗೊತ್ತು. ರಕ್ತದ ಪಾಠ ಮಾಡುವಾಗ ಇಲಿಗೂ ಒಂದು ಕಾಲಂ ಕೊಡಿ, ಒಂದೇ ಪೀರಿಯಡ್ ಸಾಕು. ಯಾವ ಇಲಿ, ಕಾಯಿಲೆ ಹೇಗೆ ಬರಿಸಿದರು, ಎಷ್ಟು ದಿನ, ಮನುಷ್ಯರಲ್ಲಿ ಪರೀಕ್ಷಿಸಿದ್ದಾರಾ ಎಂಬ ನಾಲ್ಕು ಪ್ರಶ್ನೆ ಕೇಳಲು ಕಲಿಸಿ.

ಆ ಹುಡುಗ ಬೋರ್ಡಿನ ಪಟ್ಟಿಯನ್ನು ಬರೆದುಕೊಂಡು ಮನೆಗೆ ಒಯ್ದ. ಮರುವಾರ ಅಪ್ಪನ ಜೊತೆ ಆಸ್ಪತ್ರೆಗೂ ಹೋಗಿ ಬಂದ.