ಜಾಲತಾಣಕ್ಕೆ ಮುನ್ನ ಒಂದು ನಕಾಶೆ

ನಮ್ಮ ಸಂಘಕ್ಕೂ ಒಂದು ಜಾಲತಾಣ ಬೇಕೆಂದು ಸದಸ್ಯ ಬಾಂಧವರಲ್ಲಿ ಅನೇಕರು, ವಿಶೇಷವಾಗಿ ತರುಣರು, ಒತ್ತಾಯಪಡಿಸುತ್ತಿದ್ದಾರೆ. ಬೇಡವೆನ್ನುವವರು ನಾವಲ್ಲ. ಆದರೆ ಮೊದಲು ಕೊಟೇಶನ್ ತರಿಸಿ, ಆಮೇಲೆ ಅದರಲ್ಲಿ ಏನಿರಬೇಕೆಂದು ಯೋಚಿಸುವ ಕ್ರಮಕ್ಕೆ ನಮ್ಮ ಸಮ್ಮತಿಯಿಲ್ಲ. ಹೊಸ ಅಡಿಕೆ ತೋಟ ಎಬ್ಬಿಸುವವರು ಬಸಿಗಾಲುವೆಯ ಜಾಗ ನೋಡದೆ, ಒಂಬತ್ತಡಿಗೊಂದು ಗೂಟ ಹೊಡೆಯದೆ ಸಸಿ ತರಿಸುವುದುಂಟೆ? ಈ ಜಾಲವನ್ನೇ ರೂಪಿಸಿದ ಟಿಮ್ ಬರ್ನರ್ಸ್-ಲೀ ಅವರೂ 1989ರ ಮಾರ್ಚಿನಲ್ಲಿ ಮೊದಲು ಮುಂದಿಟ್ಟದ್ದು ಬರವಣಿಗೆಯ ಒಂದು ಪ್ರಸ್ತಾವವನ್ನು. ಮೊದಲ ತಾಣ ಎದ್ದದ್ದು ಆಮೇಲೆ.

ಹಾಗಾದರೆ ಕಾಗದದ ಮೇಲೆ ಬರೆಯಬೇಕಾದ್ದೇನು? ತಾಣಕ್ಕೆ ಬರುವವರು ಯಾರು, ಏನು ಹುಡುಕಿಕೊಂಡು ಬರುತ್ತಾರೆ ಎಂಬುದು. ಆಡಳಿತ ಮಂಡಳಿಯ ಭಾವಚಿತ್ರ ನೋಡಲು ಯಾರೂ ಬರುವುದಿಲ್ಲ (ಮಂಡಳಿಯವರು ಮನ್ನಿಸಬೇಕು). ರಾಶಿ, ಬೆಟ್ಟೆ, ಚಾಲಿಗೆ ಇಂದು ಕ್ವಿಂಟಲಿಗೆ ಎಷ್ಟು, ಅರೇಬಿಕಾ ಪಾರ್ಚ್‌ಮೆಂಟಿಗೆ, ರೋಬಸ್ಟಾ ಚೆರಿಗೆ 50 ಕಿಲೋ ಮೂಟೆಗೆ ಎಷ್ಟು, ಮೈಲುತುತ್ತದ ದಾಸ್ತಾನಿದೆಯೇ, ಮಹಾಸಭೆ ಯಾವತ್ತು, ಇಷ್ಟೇ. ಮಳೆಗಾಲದಲ್ಲಿ ಕರೆಂಟಿಲ್ಲದೆ, ಗುಡ್ಡ ಹತ್ತಿ ಸಿಗ್ನಲ್ ಹಿಡಿಯುವ ಸದಸ್ಯರ ಮೊಬೈಲಿನಲ್ಲಿ ಇವು ಮೊದಲ ಪುಟದಲ್ಲೇ, ಬರಿಯ ಅಕ್ಷರಗಳಲ್ಲಿ ಮೂಡಬೇಕು. ಭಾರಿ ಚಿತ್ರಗಳನ್ನು ತುಂಬಿದರೆ ಅವರು ಕಾದು ಕಾದು ಕೊನೆಗೆ ಗುಮಾಸ್ತರಿಗೇ ಫೋನು ಮಾಡುತ್ತಾರೆ.

ಇನ್ನು, ದರವನ್ನು ನಿತ್ಯವೂ ಬದಲಿಸುವವರು ಯಾರು? ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು. ಹಳೆಯ ದರ ತೋರಿಸುವ ತಾಣಕ್ಕಿಂತ ತಾಣವೇ ಇಲ್ಲದಿರುವುದು ಮೇಲು. ಕಳೆದ ತಿಂಗಳ ಧಾರಣೆ ನಂಬಿ ಮಾಲು ಲಾರಿಗೇರಿಸಿದವರ ನಷ್ಟಕ್ಕೆ ಹೊಣೆ ಯಾರು? ದರ ಹಾಕುವ ಒಬ್ಬರ ಹೆಸರು, ಅವರು ರಜೆಯಲ್ಲಿದ್ದಾಗ ನೋಡಿಕೊಳ್ಳುವ ಇನ್ನೊಬ್ಬರ ಹೆಸರು, ಹಾಕುವ ಹೊತ್ತು, ಇವೆಲ್ಲ ಠರಾವಿನಲ್ಲೇ ನಮೂದಾಗಬೇಕು.

ಹಳೆಯ ನುಡಿ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಸುತ್ತೋಲೆಯನ್ನು ಹಾಗೆಯೇ ಏರಿಸಿದರೆ ಓದುವವರಿಗೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಎಲ್ಲವೂ ಯೂನಿಕೋಡಿನಲ್ಲಿರಬೇಕೆಂದು ಕರಾರಿನಲ್ಲಿ ಬರೆಸಬೇಕು. ತಾಣದ ಹೆಸರು ಸಂಘದ ಹೆಸರಿನಲ್ಲೇ ನೋಂದಣಿಯಾಗಬೇಕು, ಪಾಸ್‌ವರ್ಡು ಕಾರ್ಯದರ್ಶಿಗಳ ಬಳಿ ಇರಬೇಕು. ಕಟ್ಟಿಕೊಟ್ಟವರ ಕೈಯಲ್ಲಿದ್ದರೆ ನಾಳೆ ಅವರನ್ನು ಬಿಡುವಂತೆಯೂ ಇಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಆ ಹೆಸರನ್ನು ಅವಧಿ ಮುಗಿಯುವ ಮೊದಲು ಹಣ ಕಟ್ಟಿ ನವೀಕರಿಸುತ್ತಿರಬೇಕಾದ್ದರಿಂದ ಆ ಖರ್ಚು ಮುಂಗಡಪತ್ರಕ್ಕೆ ಸೇರಲಿ.

ಸದಸ್ಯರು ತಾವು ತಾಣದಲ್ಲಿ ಏನು ನೋಡಬಯಸುವಿರೆಂದು ಒಂದು ಚೀಟಿಯಲ್ಲಿ ಬರೆದು, ಮುಂದಿನ ಸಲ ಗೊಬ್ಬರಕ್ಕೆ ಬಂದಾಗ ಕಚೇರಿಯಲ್ಲಿ ಕೊಡಬೇಕಾಗಿ ಕೋರುತ್ತೇವೆ. ಆ ಚೀಟಿಗಳನ್ನು ಓದಿದ ಮೇಲೆ ಕೊಟೇಶನ್ ಕರೆಯಲಿ.