ಸದ್ದಿನ ನಡುವೆ ಒಂದು ಸಣ್ಣ ದನಿ

ಒಂದು ಕಾದಂಬರಿಯ ಪ್ರಚಾರಕ್ಕೆ ಟೋಪಿ, ಕೈಚೀಲಗಳನ್ನು ಹಂಚುವುದು ಸಾಹಿತ್ಯಲೋಕದಲ್ಲಿ ದಿನನಿತ್ಯದ ಸಂಗತಿಯಲ್ಲ. 2021ರಲ್ಲಿ ‘ಬ್ಯೂಟಿಫುಲ್ ವರ್ಲ್ಡ್, ವೇರ್ ಆರ್ ಯು’ ಪ್ರಕಟವಾದಾಗ ಐರ್ಲೆಂಡಿನ ಸ್ಯಾಲಿ ರೂನಿ ಅವರಿಗೆ ದೊರೆತದ್ದು ಇಂಥ ಸ್ವಾಗತ. ಅವರ ‘ನಾರ್ಮಲ್ ಪೀಪಲ್’ 2018ರಲ್ಲಿ ಬೂಕರ್ ಪ್ರಶಸ್ತಿಯ ಮೊದಲ ಪಟ್ಟಿ ಸೇರಿ, 2020ರಲ್ಲಿ ಕಿರುತೆರೆಯನ್ನೂ ಏರಿತ್ತು. ಮೂವತ್ತರ ವಯಸ್ಸಿಗೇ ಅವರನ್ನು ಒಂದು ಪೀಳಿಗೆಯ ವಕ್ತಾರೆ ಎಂದು ಕರೆದಾಗಿತ್ತು.

ವಿಪರ್ಯಾಸವೆಂದರೆ, ಇಷ್ಟೆಲ್ಲ ಸದ್ದು ಮಾಡಿದ ಆ ಬರವಣಿಗೆಯ ಗುಣವೇ ಸದ್ದಿಲ್ಲದಿರುವುದು. ಸರಳ ವಾಕ್ಯಗಳು, ಮಿತವಾದ ಅಲಂಕಾರ. ಸಂಭಾಷಣೆಗೆ ಉದ್ಧರಣ ಚಿಹ್ನೆಗಳಿಲ್ಲ. ಇದರಲ್ಲಿ ರೂನಿ ಮೊದಲಿಗರೇನಲ್ಲ. ಜೇಮ್ಸ್ ಜಾಯ್ಸ್ ಬರಿಯ ಅಡ್ಡಗೆರೆಯಲ್ಲಿ ಕೆಲಸ ಮುಗಿಸಿದರು. ಅಮೆರಿಕದ ಕಾರ್ಮ್ಯಾಕ್ ಮೆಕಾರ್ಥಿ ಅದನ್ನೂ ಕೈಬಿಟ್ಟರು. ಕನ್ನಡದಲ್ಲಿ ಮಾತು ಎಲ್ಲಿ ಮುಗಿಯಿತೆಂದು ತಿಳಿಸಲು ‘ಎಂದು’ ಇದೆ. ಇಂಗ್ಲಿಷಿಗೆ ಆ ಆಸರೆಯಿಲ್ಲ. ಹಾಗಾಗಿ ಚಿಹ್ನೆ ತೆಗೆದೊಡನೆ ಆಡಿದ ಮಾತೂ ಆಡದ ಯೋಚನೆಯೂ ಒಂದರೊಳಗೊಂದು ಬೆರೆಯುತ್ತವೆ.

ಇದು ಸಾರ್ಥಕವಾಗುವುದು ‘ನಾರ್ಮಲ್ ಪೀಪಲ್’ನಲ್ಲಿ. ಕಾನೆಲ್‌ನ ತಾಯಿ ಮರಿಯಾನ್‌ಳ ಮನೆಯಲ್ಲಿ ಕೆಲಸದವಳು. ಮುಂದೆ ಇಬ್ಬರೂ ಡಬ್ಲಿನ್ನಿನಲ್ಲಿ ಓದುವಾಗ, ಒಂದು ಬೇಸಿಗೆಯಲ್ಲಿ ಬಾಡಿಗೆ ಕಟ್ಟಲಾಗದ ಕಾನೆಲ್‌ಗೆ ಅವಳ ಮನೆಯಲ್ಲಿ ಇರಲೇ ಎಂದು ಕೇಳಲು ನಾಲಿಗೆ ಏಳುವುದಿಲ್ಲ. ಅವನಿಗೆ ತಾನು ಬೇಡವಾದೆನೆಂದು ಅವಳು ತಿಳಿಯುತ್ತಾಳೆ. ವರ್ಗಭೇದದ ಬಗ್ಗೆ ಭಾಷಣವಿಲ್ಲ. ಕೇಳದೆ ಉಳಿದ ಒಂದು ಪ್ರಶ್ನೆಯೇ ಇಬ್ಬರನ್ನು ದೂರ ಮಾಡುತ್ತದೆ. ಈ ಶೈಲಿಗೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ.

ಆದರೆ ಹೇಳದಿರುವುದೂ ಅಭ್ಯಾಸವಾಗಿಬಿಡಬಹುದು. ಮೂರನೆಯ ಕಾದಂಬರಿಯಲ್ಲಿ ನಿರೂಪಣೆ ಪಾತ್ರಗಳನ್ನು ಕ್ಯಾಮೆರಾದಂತೆ ಹೊರಗಿನಿಂದ ನೋಡುತ್ತದೆ. ಒಳಗಿನದೆಲ್ಲ ಅಲಿಸ್ ಮತ್ತು ಐಲೀನ್ ಬರೆದುಕೊಳ್ಳುವ ದೀರ್ಘ ಇ-ಮೇಲ್‌ಗಳಿಗೆ ಹೋಗುತ್ತದೆ. ಕಂಚಿನ ಯುಗದ ನಾಗರಿಕತೆಗಳ ಪತನದಿಂದ ಕೀರ್ತಿಯ ಕಿರಿಕಿರಿಯವರೆಗೆ ಅಲ್ಲಿ ಎಲ್ಲವೂ ಇದೆ. ಬರೆದವರು ಯಾರೆಂದು ಹೆಸರು ಮುಚ್ಚಿ ಹೇಳುವುದು ಮಾತ್ರ ಕಷ್ಟ. ಎರಡು ಪಾತ್ರಗಳ ದನಿ ಒಂದೇ ಆದಾಗ ಮಿತವ್ಯಯವು ಬಡತನದಂತೆ ಕಾಣುತ್ತದೆ.

ಇದು ಲೇಖಕಿಗೂ ಅನ್ನಿಸಿರಬೇಕು. 2024ರ ‘ಇಂಟರ್‌ಮೆಟ್ಸೊ’ದಲ್ಲಿ ತಂದೆಯನ್ನು ಕಳೆದುಕೊಂಡ ಸೋದರರಿಗೆ ಬೇರೆ ಬೇರೆ ಗದ್ಯವಿದೆ. ವಕೀಲ ಪೀಟರ್‌ನ ವಾಕ್ಯಗಳು ತುಂಡು ತುಂಡು; ಚದುರಂಗದ ಆಟಗಾರ ಐವಾನ್‌ನದು ನೇರ ನಡೆ. ಪೀಟರ್‌ನ ಅಧ್ಯಾಯಗಳು ಕೆಲವೆಡೆ ಜಾಯ್ಸ್‌ನ ನೆರಳಿನಲ್ಲಿ ತಡವರಿಸುತ್ತವೆ, ನಿಜ. ಆದರೂ ಗೆದ್ದ ಅಚ್ಚನ್ನು ಒಡೆಯಹೊರಟ ಈ ತಡವರಿಕೆ, ಹಿಂದಿನ ನುಣುಪಿಗಿಂತ ಹೆಚ್ಚು ಭರವಸೆ ಹುಟ್ಟಿಸುತ್ತದೆ.

ಅತಿಯಾದ ಹೊಗಳಿಕೆಯಿಂದ ಆಗುವ ನಷ್ಟ ಇದೇ: ಒಂದು ಗುಂಪು ಪುಸ್ತಕವನ್ನು ತೆರೆಯುವ ಮೊದಲೇ ಮೆಚ್ಚುತ್ತದೆ, ಇನ್ನೊಂದು ತೆರೆಯದೆಯೇ ತಿರಸ್ಕರಿಸುತ್ತದೆ. ಬೆಳೆಯುತ್ತಿರುವ ಲೇಖಕಿಗೆ ಎರಡರಿಂದಲೂ ಪ್ರಯೋಜನವಿಲ್ಲ. ಆಕೆಗೆ ಬೇಕಾದದ್ದು ಕಾನೆಲ್‌ನ ಮೌನಕ್ಕೆ ಕಿವಿಗೊಟ್ಟು, ಆ ಇ-ಮೇಲ್‌ಗಳಿಗೆ ಆಕಳಿಸಬಲ್ಲ ಓದುಗರು.